ಎಡಗಿವಿಯ ಎರಡು ಕಚ್ಚು

ಮೊದಲ ಗುಂಡು ಹಾರಿದಾಗ ಮರೆವ್ವ ನನ್ನ ಬೆನ್ನಿಗೆ ಗುದ್ದಿದಳು.

"ಏನೋ ಸಿಡೀತಲ್ಲೋ ತಮ್ಮಾ! ನಿನ್ನ ಗಾಡಿ ಒಡೀತೇನು?"

"ಗಾಡಿ ಅಲ್ಲಬೇ ಯವ್ವಾ. ಬಂದೂಕು."

"ಹಂಗಾರ ಚಿಂತಿಲ್ಲ ಬಿಡು. ಗಾಡಿ ಒಡದಿದ್ರ ನಡಕೊಂತ ಹೋಗಬೇಕಿತ್ತು."

ಎರಡನೆಯ ಗುಂಡು! ಚರೆಗಳು ಪೆಟ್ರೋಲ್ ಟಾಕಿಗೆ ಬಡಿದವು. ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಸದ್ದಾಯಿತು.

ಅಲ್ಲಿಗೆ ಈ ಟಾಕಿಯ ದೋಷಗಳು ಮೂರಾದವು.

ಕೂತುಕೊಳ್ಳಿ. ಚಹಾ ಬೇಡವೇ? ಸರಿ. ಆ ಚೀಲವನ್ನಾದರೂ ಕೆಳಗಿಡಿ... ಅದೂ ಬೇಡವೇ? ಇರಲಿ, ತೊಡೆಯ ಮೇಲೇ ಇರಲಿ.

ನೀವು ಬಂದ ಕೂಡಲೇ ಟಾಕಿಯ ಬೆಲೆ ಕೇಳಿದಿರಿ. ನನ್ನ ಅಂಗಡಿಯಲ್ಲಿ ದೋಷ ಹೇಳದೆ ಬೆಲೆ ಹೇಳುವುದಿಲ್ಲ. ಈ ಟಾಕಿಯದು ಸ್ವಲ್ಪ ಉದ್ದದ ಕತೆ. ಕೇಳಬೇಕಾಗುತ್ತದೆ.

ನನ್ನ ಹೆಸರು ಭೂಪಾಲ. ತೇರದಾಳದವನು. ಯುದ್ಧದಲ್ಲಿ ನಾಲ್ಕು ವರ್ಷ ಮೋಟಾರ್ ಸೈಕಲ್ ಮೇಲೆ ಮಿಲಿಟರಿ ಕಾಗದ ಹೊತ್ತೆ. ಯುದ್ಧ ಮುಗಿಯಿತು. ಸರಕಾರ ಹಳೆಯ ಗಾಡಿಗಳನ್ನು ಹರಾಜಿಗೆ ಹಾಕಿತು. ನಮ್ಮ ಕಡೆಯ ದೇಸಾಯಿಗಳು, ಇನಾಂದಾರರು, ಸಾವುಕಾರರು ಮುಗಿಬಿದ್ದು ಕೊಂಡರು. ಆದರೆ ಎಲ್ಲ ಗಾಡಿಗಳದೂ ಒಂದೇ ಬಣ್ಣ. ಸಗಣಿ ಹಸಿರು! ಪಕ್ಕದ ಊರಿನ ದೇಸಾಯಿಯ ಗಾಡಿಯಂತೆಯೇ ತನ್ನದೂ ಕಂಡರೆ ಯಾವ ದೇಸಾಯಿ ಸಹಿಸುತ್ತಾನೆ?

ಆಗ ಎಲ್ಲರೂ ಬನಹಟ್ಟಿಯ ಅನಸವ್ವನ ಬಾಗಿಲಿಗೆ ಬಂದರು.

ಅವಳದು ತೊಟ್ಟಿಲು, ಬಾಸಿಂಗ, ಮದುವೆ ಮನೆಯ ಗೋಡೆಗಳಿಗೆ ಚಿತ್ರ ಬರೆಯುವ ಮನೆತನ. ಗಂಡ ತೀರಿಕೊಂಡ ಮೇಲೆ ಕುಂಚ ಅವಳ ಕೈಗೆ ಬಂತು. ಹುಲಿ ಬೇಕೆಂದರೆ ಹುಲಿ, ಕಮಲ ಬೇಕೆಂದರೆ ಕಮಲ. ಟಾಕಿಯ ಮೇಲೆ ಅವಳು ಬರೆದ ಕುದುರೆಯನ್ನು ನೋಡಿ ನಿಜವಾದ ಕುದುರೆಯೊಂದು ಕೆನೆದದ್ದನ್ನು ನಾನೇ ಕೇಳಿದ್ದೇನೆ.

ಎಲ್ಲವೂ ಸರಿಯಾಗಿ ಬರುವುದಿಲ್ಲ. ಒಂದರಲ್ಲಿ ಬಣ್ಣ ಸೋರಿರುತ್ತದೆ. ಒಂದರಲ್ಲಿ ಬೆಸುಗೆ ಬಿಟ್ಟಿರುತ್ತದೆ. ದೊಡ್ಡವರು ಬೇಡ ಎನ್ನುತ್ತಾರೆ. ಹಾಗೆ ತಿರಸ್ಕೃತವಾದ ಟಾಕಿಗಳನ್ನು ನಾನು ಒಯ್ದು ಜಮಖಂಡಿ, ಮುಧೋಳ, ಬೀಳಗಿ ಸುತ್ತಿ ಕಡಿಮೆ ಬೆಲೆಗೆ ಮಾರುತ್ತೇನೆ. ದೋಷ ಮೊದಲು, ಬೆಲೆ ಆಮೇಲೆ.

ಅದು ನನ್ನ ಒಳ್ಳೆಯತನ ಅಂದುಕೊಳ್ಳಬೇಡಿ. ಮಗ ಯುದ್ಧದಿಂದ ಜೀವಂತ ಮರಳಿದರೆ ವ್ಯಾಪಾರದಲ್ಲಿ ಎಂದೂ ಸುಳ್ಳು ಹೇಳುವುದಿಲ್ಲ ಅಂತ ನನ್ನವ್ವ ಪದ್ಮವ್ವ ಬಸದಿಯಲ್ಲಿ ಹರಕೆ ಹೊತ್ತಿದ್ದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮರಳಿ ಬಂದೆ. ಸಿಕ್ಕಿಬಿದ್ದೆ.

ವ್ಯಾಪಾರದಲ್ಲಿ ಮಾತ್ರ. ಬೇರೆ ಕಡೆ ಸುಳ್ಳಿಗೆ ಅಡ್ಡಿಯಿಲ್ಲ.

ಈಗ ಈ ಟಾಕಿ. ಇದನ್ನು ಬರೆಸಿದವನು ಮುಧೋಳ ಸೀಮೆಯ ಬಸಗೊಂಡಪ್ಪ ದೇಸಾಯಿ. ಬೆಳಗಲಿಯ ಆಚೆ ಅವನ ವಾಡೆ. ಅವನಲ್ಲಿ ಹನ್ನೆರಡು ಬೇಟೆನಾಯಿಗಳು. ಹದಿಮೂರನೆಯದನ್ನು ಟಾಕಿಯ ಮೇಲೆ ಬರೆಸಿದ. ಅನಸವ್ವ ವಾಡೆಗೆ ಹೋಗಿ, ನಾಯಿಯ ಮುಂದೆ ಎರಡು ದಿನ ಕೂತು ಬರೆದಳು. ಕೆಂಚು ಮೈ, ಬಿಲ್ಲಿನಂಥ ಬೆನ್ನು, ಬಳ್ಳಿಯಂಥ ಬಾಲ. ನೋಡಿ, ಈಗಲೂ ಓಡುವಂತಿದೆ.

ದೇಸಾಯಿ ಟಾಕಿ ನೋಡಿದ. ಮುಖ ಕಪ್ಪಾಯಿತು.

"ಎಡಗಿವಿ ಯಾಕ ಹರದೈತಿ?"

"ಹರದಿಲ್ರಿ ದೇಸಾಯ್ರ. ಎರಡು ಕಚ್ಚು ಅದಾವ. ನಾಯಿಗೆ ಇದ್ದುವು, ಬರದೆ."

"ಕೆರದು ಹಾಕು! ಈ ಟಾಕಿ ನನಗ ಬ್ಯಾಡ!"

ಅನಸವ್ವ ಕೆರೆಯಲಿಲ್ಲ. ಕಂಡದ್ದನ್ನು ಬರೆದ ಮೇಲೆ ಅಳಿಸುವುದು ಅವಳ ಮನೆತನಕ್ಕಾಗದು. ಟಾಕಿಯನ್ನು ನನಗೆ ಕೊಟ್ಟಳು. ನಾನು ಅದನ್ನು ನನ್ನ ಗಾಡಿಗೇ ಕೂಡಿಸಿಕೊಂಡು ಮಾರಾಟಕ್ಕೆ ಹೊರಟೆ.

ಜಮಖಂಡಿಯ ಸಂತೆ. ನಾನು ಗಾಡಿಯ ಪಕ್ಕ ನಿಂತು ಕೂಗುತ್ತಿದ್ದೆ. "ಮೊದಲನೇ ದೋಷ! ಬೆಸುಗಿಯೊಳಗ ಸೂಜಿ ತೂತು ಐತಿ, ಸಾಬಾನು ಮೆತ್ತೀನಿ! ಎರಡನೇ ದೋಷ! ನಾಯಿ ಎಡಗಿವಿಗೆ ಎರಡು ಕಚ್ಚು!"

ಒಬ್ಬ ಮುದುಕಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ತುಬಚಿ ಕಡೆಯ ಕುರಿಯವಳು, ಮರೆವ್ವ. ಬೆರಳಿನಿಂದ ಆ ಕಿವಿ ಮುಟ್ಟಿದಳು. ಮತ್ತೆ ಮುಟ್ಟಿದಳು. ಕಣ್ಣಲ್ಲಿ ನೀರು ಇಳಿಯಿತು.

"ಇಂವ ನನ್ನ ಕೆಂಚ."

"ಏನಂದಿ ಯವ್ವಾ?"

"ನನ್ನ ಕುರಿ ಕಿವಿ ನೋಡು ಹೋಗು. ಎಲ್ಲಾಕ್ಕೂ ಎರಡು ಕಚ್ಚು. ನಮ್ಮ ಹಿಂಡಿನ ಗುರುತು ಅದು. ಕೆಂಚ ಮರಿ ಇದ್ದಾಗ ಇವಗೂ ಹಾಕೀನಿ. ಬನದ ಹುಣ್ಣಿಮಿ ಮುಂದ ಹಟ್ಟಿಂದ ಯಾರೋ ಎತ್ತಿಕೊಂಡು ಹ್ವಾದ್ರು. ಜಮಖಂಡಿ ಫೌಜದಾರ ಮುಧೋಳಕ್ಕ ಹೋಗಂದ. ಮುಧೋಳದಾಂವ ಬೀಳಗಿಗೆ ಹೋಗಂದ. ಅಲ್ಲಿ ಇಂಗ್ರೇಜಿ ಪೊಲೀಸ ನಕ್ಕ."

ಸಂತೆಯಲ್ಲಿ ನೂರು ಜನ ಕೇಳಿಸಿಕೊಂಡರು. ಅವರಲ್ಲಿ ಒಬ್ಬ ದೇಸಾಯಿಯ ಮನುಷ್ಯ. ಮಲಕಾಜಪ್ಪ! ದೇಸಾಯಿಯ ಬೇಟೆಗಾರ, ಜೀಪಿನ ಡ್ರೈವರ್, ನಾಯಿಗಳ ಕಾವಲುಗಾರ. ಅವನ ಕೈ ಬಂದೂಕಿನತ್ತ ಹೋದದ್ದನ್ನು ನಾನು ನೋಡಿದೆ.

"ಯವ್ವಾ, ಗಾಡಿ ಹತ್ತು."

"ಎಲ್ಲಿಗೋ?"

"ಮೊದಲ ಹತ್ತು!"

ಹೀಗೆ ನಾವು ಬನಹಟ್ಟಿಯ ದಾರಿಯಲ್ಲಿ, ಹಿಂದೆ ಜೀಪು, ಮೇಲೆ ಗುಂಡು!

ಜೀಪು ಹತ್ತಿರವಾಗುತ್ತಿತ್ತು. ನನ್ನ ಮೊಣಕಾಲು ಒದ್ದೆಯಾಗುತ್ತಿತ್ತು. ಪೆಟ್ರೋಲ್... ಸಾಬೂನು ಕಿತ್ತುಹೋಗಿತ್ತು.

"ಯವ್ವಾ, ನನ್ನ ಕಿಸೆದಾಗ ಸಾಬಾನು ಐತಿ. ತೊಡಿ ಹತ್ರ ತೂತು ಸಿಗತೈತಿ. ಮೆತ್ತು!"

"ಗಾಡಿ ಓಡ್ಕೊಂತ ಮೈ ತೊಳ್ಕೊಂತಿಯೇನೋ?"

"ಮೆತ್ತಬೇ!"

ಮೆತ್ತಿದಳು. ಹೆಬ್ಬೆರಳು ಒತ್ತಿ ಹಿಡಿದೇ ಕೂತಳು. ಬನಹಟ್ಟಿ ದಾಟಿತು. ಗಾಡಿ ಕೆಮ್ಮಿತು. ಮುಂದೆ ರಬಕವಿಯ ನಾಕಾ.

ಆಗ ನಮ್ಮ ಸೀಮೆ ಹೇಗಿತ್ತು ಗೊತ್ತೇ? ಬನಹಟ್ಟಿ ಜಮಖಂಡಿ ಸಂಸ್ಥಾನ. ಮಗ್ಗದ ಸದ್ದು ಕೇಳುವಷ್ಟು ಹತ್ತಿರದ ರಬಕವಿ ಸಾಂಗಲಿ ಸಂಸ್ಥಾನ. ಸ್ವಲ್ಪ ಕೆಳಗಿಳಿದರೆ ಮುಧೋಳ ಸಂಸ್ಥಾನ. ಒಂದು ಬೀಡಿ ಮುಗಿಯುವುದರೊಳಗೆ ಮೂವರು ರಾಜರ ಪ್ರಜೆಯಾಗಬಹುದಿತ್ತು. ಕಳ್ಳರಿಗೆ ಇದು ಅನುಕೂಲ. ಆ ದಿನ ನನಗೂ ಅನುಕೂಲವಾಯಿತು.

ಎಂಜಿನ್ ನಿಂತೇಹೋಯಿತು. ಗಾಡಿ ಇಳಿಜಾರಿನಲ್ಲಿ ತಾನಾಗಿ ಉರುಳಿ ನಾಕಾದ ಬಿದಿರು ದಾಟಿತು. ಸಿಪಾಯಿ ಬಿದಿರು ಇಳಿಸಿದ. ಜೀಪು ಕಿರುಗುಟ್ಟಿ ನಿಂತಿತು.

"ಬಂದೂಕಿಗೆ ಸಾಂಗಲಿ ಪರವಾನಿಗಿ ಐತೇನು?" ಸಿಪಾಯಿ ಕೇಳಿದ.

ಇರಲಿಲ್ಲ. ಮಲಕಾಜಪ್ಪ ಬಿದಿರಿನ ಆಚೆಯಿಂದಲೇ ನನ್ನನ್ನು ನೋಡಿದ. ಕೂಗಲಿಲ್ಲ. ಮೆಲ್ಲಗೆ ಹೇಳಿದ.

"ಭೂಪಾಲ... ಅನಸವ್ವ ನಿನ್ನೆಯಿಂದ ನಮ್ಮ ವಾಡೇದಾಗ ಅದಾಳ. ಇವತ್ತ ಹೊತ್ತು ಮುಳುಗೂದ್ರಾಗ ಈ ಟಾಕಿ ಅಲ್ಲಿ ಇರಬೇಕು."

"ಇಲ್ಲಂದ್ರ?"

"ಅಕಿ ಬಲಗೈ ಮ್ಯಾಲ ಕಬ್ಬಿಣದ ಹಾರಿ ಬೀಳತೈತಿ."

ಜೀಪು ತಿರುಗಿತು. ಧೂಳು ಎದ್ದಿತು.

ನನಗೆ ಹೆದರಿಕೆಯಾಯಿತು. ಯುದ್ಧದಲ್ಲೂ ಆಗಿತ್ತು, ಆದರೆ ಅಲ್ಲಿ ಹೋಗುತ್ತಿದ್ದದ್ದು ನನ್ನ ಜೀವ. ಇಲ್ಲಿ ಅನಸವ್ವನ ಕೈ. ನಾನು ಕೂಗಿ ಕೂಗಿ ಹೇಳಿದ ದೋಷದಿಂದ ಅವಳ ಕೈ ಹೋಗುವುದರಲ್ಲಿತ್ತು.

"ಹೋಗೂಣ" ಅಂದಳು ಮರೆವ್ವ.

"ನೀ ಯಾಕ?"

"ನನ್ನ ನಾಯಿ ಅಲ್ಲೈತಿ. ನೀ ಯಾಕ ಅಂತ ನಾ ಕೇಳಿದ್ನೇನು?"

ಗಾಡಿಯನ್ನು ರಬಕವಿಯ ನನ್ನ ಅಂಗಡಿಗೆ ತಳ್ಳಿಕೊಂಡು ಹೋಗಿ, ಮುಚ್ಚಿಟ್ಟಿದ್ದ ಎರಡು ಬಾಟಲಿ ಪೆಟ್ರೋಲ್ ಸುರಿದೆ. ಹೊಸ ಸಾಬೂನು ಮೆತ್ತಿದೆ. ಮರೆವ್ವ ರೊಟ್ಟಿಯ ಗಂಟು ಬಿಚ್ಚಿ ಮೇಲೆ ಖಾರದ ಹಿಂಡಿ ಹಾಕಿಕೊಟ್ಟಳು.

"ಬಳ್ಳೊಳ್ಳಿ ಐತೇನಬೇ ಇದರಾಗ?"

"ಬಳ್ಳೊಳ್ಳಿ ಇಲ್ಲದ್ದು ಹಿಂಡಿ ಹೆಂಗ ಆಗತೈತೋ?"

ಬರೀ ರೊಟ್ಟಿ ತಿಂದೆ. ನಾವು ಜೈನರು ಬಳ್ಳೊಳ್ಳಿ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದೂ ಇಲ್ಲ. ಸಾಯುವುದಿದ್ದರೂ ಹಸಿದು ಸಾಯುವುದು ಬೇಡ ಅನ್ನಿಸಿತು.

ಮಹಾಲಿಂಗಪುರ ದಾಟಿ, ಕಬ್ಬಿನ ಹೊಲಗಳ ನಡುವೆ ಬೆಳಗಲಿಯ ಹಾದಿ ಹಿಡಿದು, ವಾಡೆ ಮುಟ್ಟಿದಾಗ ಸೂರ್ಯ ಇನ್ನೂ ಎರಡಾಳು ಎತ್ತರದಲ್ಲಿದ್ದ. ಮರೆವ್ವನನ್ನು ಹೊರಗಿನ ಬೇವಿನ ಮರದ ಕೆಳಗೆ ಇಳಿಸಿ ಒಳಗೆ ಹೋದೆ.

ಅಂಗಳದಲ್ಲಿ ಜಮಖಾನೆ, ಕುರ್ಚಿ, ಬೆಳ್ಳಿಯ ತಟ್ಟೆ. ಯಾರೋ ದೊಡ್ಡವರು ಬರುವವರಿದ್ದರು. ದೇಸಾಯಿ ಪೇಟಾ ಸುತ್ತಿಕೊಂಡು ಅಡ್ಡಾಡುತ್ತಿದ್ದ. ನನ್ನನ್ನು ಕಂಡು ನಕ್ಕ. ಗಾಡಿಯ ಮೇಲೆ ಗೋಣಿತಟ್ಟು ಎಸೆಸಿದ.

"ಕಾಸ್ಟಿಕ್ ಸೋಡಾ ಹಾಕಿ ಬಣ್ಣ ತೊಳಸೂದು ಆಮ್ಯಾಲ. ಈಗ ಬಾಯಿಸಾಹೇಬ್ರು ಬರಾಕತ್ತಾರ."

ಬಾಯಿಸಾಹೇಬರು ಅಂದರೆ ಕೊಲ್ಲಾಪುರ ಕಡೆಯ ಸರದಾರ ಮನೆತನದ ಹಿರಿಯ ವಿಧವೆ. ನಾಯಿಗಳ ವಿಷಯದಲ್ಲಿ ಅವರ ಮಾತೇ ಕೊನೆ. ಅವರು ಹೂಂ ಅಂದರೆ ದೇಸಾಯಿಯ ನಾಯಿ ಗ್ವಾಲಿಯರ್‌ವರೆಗೆ ಹೋಗುತ್ತದೆ. ಉಹೂಂ ಅಂದರೆ ಬೆಳಗಲಿಯನ್ನೂ ದಾಟುವುದಿಲ್ಲ.

ಪಡಸಾಲೆಯಲ್ಲಿ ಅನಸವ್ವ ಕೂತಿದ್ದಳು. ಮುಂದೆ ಕೆಂಪು ಬಟ್ಟೆ ಹೊದಿಸಿದ ಇನ್ನೊಂದು ಟಾಕಿ. ಕೈಗಳು ಇನ್ನೂ ಎರಡೂ ನೆಟ್ಟಗಿದ್ದವು. ನನಗೆ ಉಸಿರು ಬಂತು.

ಅವಳ ಹಿಂದೆ ಮಲಕಾಜಪ್ಪ. ಅವನ ಕೈಯಲ್ಲಿ ಕಬ್ಬಿಣದ ಹಾರಿ. ಕಂಬಕ್ಕೆ ಕಟ್ಟಿದ್ದ ನಾಯಿ ಕೆಂಚನೇ! ಆದರೆ ಅದಕ್ಕೆ ಕಿವಿಗಳೇ ಇರಲಿಲ್ಲ. ಎರಡನ್ನೂ ಬುಡದವರೆಗೆ ಕತ್ತರಿಸಿ ಹೊಲಿದಿದ್ದರು. ಗುರುತು ಹೋಯಿತು, ನಾಯಿ ಉಳಿಯಿತು. ಗೋಣಿತಟ್ಟಿನ ಕೆಳಗಿನ ಟಾಕಿಯೂ ಹೋದರೆ ಮರೆವ್ವನ ಹತ್ತಿರ ಸಾಕ್ಷಿಯೇ ಇಲ್ಲ.

ನಾನು ಅನಸವ್ವನ ಪಕ್ಕ ಕೂತು ಪಿಸುಗುಟ್ಟಿದೆ.

"ಇದೇನ ಹೊಸಾ ಟಾಕಿ?"

"ಅದ ನಾಯಿ ಮತ್ತ ಬರಿ ಅಂದ್ರು. ಕಚ್ಚು ಇರಬಾರದು ಅಂದ್ರು. ಬರದೆ. ಕಚ್ಚು ಇಲ್ಲ."

"ಹೆಂಗ ಬರದಿ?"

"ಕಂಡಂಗ ಬರದೀನಿ."

ನಾನು ಕಂಬದ ನಾಯಿಯತ್ತ ನೋಡಿದೆ.

"ಕಂಡಂಗ ಅಂದ್ರ... ಕಿವಿ ಇಲ್ಲದ್ದು?"

"ಹೊಲಿಗಿ ಸುದ್ದಾ. ಒಂದೊಂದಕ್ಕ ಏಳು ಹೊಲಿಗಿ."

"ದೇಸಾಯಿ ನೋಡ್ಯಾನೇನು?"

"ಬಟ್ಟಿ ತಗಿಯೂ ಶಾಸ್ತ್ರದ ತನಕ ನಮ್ಮ ಮನಿತನದಾಗ ಯಾರಿಗೂ ತೋರ್ಸೂದಿಲ್ಲ. ಅಂವಗೂ ಗೊತ್ತೈತಿ. ಅದಕ್ಕ ಮೊದಲ ಕಣ್ಣಿಲ್ಲದ ಮೂರ್ತಿ ನೋಡಿದ ಮನಿಗೆ ಚಲೋ ಅಲ್ಲಂತ ಅಂಜ್ಯಾನ. ಬಾಯಿಸಾಹೇಬ್ರಂಥಾ ದೊಡ್ಡವರೇ ಬಟ್ಟಿ ತಗೀಬೇಕು. ಆಮ್ಯಾಲ ನಾ ಕಣ್ಣು ಬರಿಯೂದು."

ಅವಳು ಇದನ್ನು ಅಡುಗೆಗೆ ಉಪ್ಪು ಹಾಕಿದೆ ಅನ್ನುವಂತೆ ಹೇಳಿದಳು. ಅವಳು ಸೇಡಿಗಾಗಿ ಬರೆದಿರಲಿಲ್ಲ. ಬೇರೆ ಬರೆಯಲು ಅವಳಿಗೆ ಬರುತ್ತಿರಲಿಲ್ಲ.

ಹೊರಗೆ ಕಾರಿನ ಹಾರ್ನು!

ದೇಸಾಯಿ ನನ್ನ ಕಿವಿಯ ಹತ್ತಿರ ಬಗ್ಗಿದ.

"ಭೂಪಾಲ, ದೋಷ ಹೇಳಾಂವ ಅಂತ ನಿನ್ನ ಹೆಸರು ಕೊಲ್ಲಾಪುರ ತನಕ ಹೋಗೇತಿ. ಬಾಯಿಸಾಹೇಬ್ರ ಮುಂದ ಟಾಕಿ ಹೆಂಗೈತಿ ಅಂತ ನಾ ಕೇಳ್ತೇನಿ. ದೋಷ ಇಲ್ಲ ಅನ್ನು. ಬ್ಯಾರೆ ಏನರ ಅಂದಿ... ನಾ ಹಿಂಗ ಮೀಸಿ ಮುಟ್ಟಿದ್ರ ಸಾಕು. ಮಲಕಾಜಪ್ಪ ಹಾರಿ ಇಳಸ್ತಾನ."

ಬಾಯಿಸಾಹೇಬರು ಬಂದರು. ಸಣ್ಣ ದೇಹ, ಬಿಳಿಯ ಸೀರೆ, ಅಂಗೈ ದಪ್ಪದ ಕನ್ನಡಕ. ಕೂತರು. ನಾಯಿಯ ಕಡೆ ನೋಡಿದರು. ಅಷ್ಟು ದೂರದಿಂದ ಹೊಲಿಗೆಯ ಗಾಯ ಅವರ ಕಣ್ಣಿಗೆ ಕಾಣುತ್ತಿರಲಿಲ್ಲ.

"ಮೈಕಟ್ಟು ಛಾನ ಐತಿ" ಅಂದರು. "ಕಿವಿ ಯಾಕ ಇಲ್ಲ?"

"ನಮ್ಮ ವಂಶದ ನಾಯಿಗೋಳಿಗೆ ಹುಟ್ಟಿನಿಂದ ಸಣ್ಣ ಕಿವಿರಿ" ಅಂದ ದೇಸಾಯಿ. ಹಸಿ ಸುಳ್ಳು! ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ಚಿತ್ರ ಬರಸೇನ್ರಿ. ನಿಮ್ಮ ಕೈಯಿಂದನ ಬಟ್ಟಿ ತಗೀರಿ."

ಅವರು ಬಟ್ಟೆ ಎಳೆದರು.

ಕೆಂಚು ನಾಯಿ. ಕಣ್ಣಿನ ಜಾಗ ಖಾಲಿ. ಕಿವಿಯ ಜಾಗದಲ್ಲಿ ಊದಿದ ಕೆಂಪು ಗಾಯ, ಅದರ ಮೇಲೆ ಕರಿಯ ದಾರ. ಅನಸವ್ವ ದಾರದ ಗಂಟುಗಳನ್ನೂ ಬಿಟ್ಟಿರಲಿಲ್ಲ.

ದೇಸಾಯಿಯ ಪೇಟಾದ ಅಂಚಿನಿಂದ ಬೆವರು ಇಳಿಯಿತು. ಆದರೂ ಗಟ್ಟಿಗ! ನಕ್ಕ.

"ಬಾಯಿಸಾಹೇಬ್ರ, ಈ ಹೆಣ್ಮಗಳು ಕುಂಚ ಜಾರ್ಸ್ಯಾಳ. ಭೂಪಾಲ! ನೀನ ಹೇಳು. ಟಾಕಿ ದೋಷ ಹೇಳು!"

ಹುಷಾರಿ ನೋಡಿ. ಈಗ ಅವನಿಗೆ ದೋಷ ಬೇಕಾಗಿತ್ತು! 'ಕಿವಿ ತಪ್ಪಾಗಿದೆ' ಅಂತ ನಾನು ಒಂದು ಮಾತು ಅಂದರೆ ಅವನು ಗೆದ್ದ. ಅನಸವ್ವನ ಕೈಯೂ ಉಳಿಯಿತು. ಒಂದು ಸುಳ್ಳು. ಬಸದಿಯ ದೇವರು ಕ್ಷಮಿಸಬಹುದು, ನನ್ನವ್ವನೂ ಕ್ಷಮಿಸಬಹುದು. ಅನ್ನಲೆಂದು ಬಾಯಿ ತೆರೆದೆ. ಖರೆ ಹೇಳುತ್ತೇನೆ, ತೆರೆದೆ.

ಅನಸವ್ವ ನನ್ನನ್ನು ನೋಡಿದಳು. ಬಲಗೈಯನ್ನು ತಾನೇ ಮುಂದಿನ ಕಲ್ಲಿನ ಮೇಲೆ ಚಾಚಿ ಇಟ್ಟಳು.

"ಕಂಡದ್ದು ಹೇಳೋ ಭೂಪಾಲ. ಕೈ ನಂದೈತಿ, ನಿಂದಲ್ಲ."

ನಾನು ಬಾಯಿಸಾಹೇಬರ ಕಡೆ ತಿರುಗಿದೆ.

"ಟಾಕಿಗೆ ದೋಷ ಇಲ್ರಿ ಬಾಯಿಸಾಹೇಬ್ರ. ದೋಷ ನಾಯಿಗೆ ಐತಿ. ಮಾಡಿದವರು ಇಲ್ಲೇ ಅದಾರ."

ದೇಸಾಯಿ ಮೀಸೆ ಮುಟ್ಟಿದ.

ಹಾರಿ ಮೇಲೆದ್ದಿತು. ನಾನು ಹಾರಿದೆ. ಆದರೆ ದೂರ ಹೆಚ್ಚಿತ್ತು, ನಾನು ಮುಟ್ಟುತ್ತಿರಲಿಲ್ಲ...

ಠಣ್!

ಹಾರಿ ಅಂಗಳದ ಮೂಲೆಯಲ್ಲಿ ಬಿತ್ತು. ಮಲಕಾಜಪ್ಪ ಬರಿಗೈಯಲ್ಲಿ ನಿಂತಿದ್ದ.

"ನೀವು ಹೇಳಿದ್ರಿ, ಕಿವಿ ಕೊಯ್ದೆ. ಕೊಯ್ಯೂ ಮುಂದ ಅದು ನನ್ನ ಕೈ ನೆಕ್ಕಾಕತ್ತಿತ್ತು. ಅವತ್ತಿಂದ ನನಗ ಅನ್ನ ಸೇರವಲ್ದು. ಅಕಿ ಕೈ ನನ್ನಿಂದ ಆಗೂದಿಲ್ರಿ ಧಣೇರ."

ಅದೇ ಹೊತ್ತಿಗೆ ಹೊರಗೆ ಬೇವಿನ ಮರದ ಕೆಳಗಿನಿಂದ ಒಂದು ಸಿಳ್ಳು. ಮರೆವ್ವ ಕಾದು ಕಾದು ಬೇಸತ್ತಿದ್ದಳು. ಕೆಂಚ ಎದ್ದ. ಒಂದೇ ಜಗ್ಗಿಗೆ ಹಗ್ಗ ಹರಿಯಿತು. ಬೆಳ್ಳಿಯ ತಟ್ಟೆ, ಕುರ್ಚಿ, ದೇಸಾಯಿ... ಮೂರನ್ನೂ ಜಿಗಿದು ಹೋದ. ಹೊರಗೆ ಮುದುಕಿ ಅಳುತ್ತಾ ಬೈಯುವ ಸದ್ದು ಕೇಳಿತು. "ಎಲ್ಲಿ ಹೋಗಿದ್ಯೋ ಭಾಡ್ಕೋ... ಅಯ್ಯ ನನ್ನ ಮಗನ, ಕಿವಿ ಎಲ್ಲೋ?"

ನಾನು ಗೋಣಿತಟ್ಟು ತೆಗೆದೆ. ಬಾಯಿಸಾಹೇಬರು ಎರಡೂ ಟಾಕಿಗಳ ಹತ್ತಿರ ಬಗ್ಗಿ ನೋಡಿದರು. ಒಂದರಲ್ಲಿ ಕಚ್ಚು, ಇನ್ನೊಂದರಲ್ಲಿ ಹೊಲಿಗೆ. ನಾನು ಮರೆವ್ವನ ಹಿಂಡಿನ ಗುರುತು ಹೇಳಿದೆ. ಅವರು ಎದ್ದು ನಿಂತರು. ತಮಗಿಟ್ಟಿದ್ದ ಚಹಾದ ತುಂಬಿದ ಬಟ್ಟಲನ್ನು ಬೆರಳಿನಿಂದ ಆಚೆ ಸರಿಸಿದರು.

"ದೇಸಾಯ್ರ, ನಿಮ್ಮ ಮನಿ ಚಾ ಬ್ಯಾಡ."

ಅಷ್ಟೇ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟೂ ಕೊಟ್ಟಿಲ್ಲ. ಅನಸವ್ವನನ್ನು ತಮ್ಮ ಕಾರಿನಲ್ಲೇ ಕೂಡಿಸಿಕೊಂಡು ಬನಹಟ್ಟಿಗೆ ಬಿಟ್ಟರು. ಹೊರಡುವ ಮುನ್ನ ಅವಳು ಎರಡನೆಯ ಟಾಕಿಯ ನಾಯಿಗೆ ಕಣ್ಣು ಬರೆದಳು. ಕೆಲಸ ಅರ್ಧಕ್ಕೆ ಬಿಡಬಾರದಂತೆ. ಬಾಯಿಸಾಹೇಬರು ಅದನ್ನು ಕೊಂಡು ಒಯ್ದರು. ಬಂದವರಿಗೆಲ್ಲ ತೋರಿಸುತ್ತಾರಂತೆ.

ಮಲಕಾಜಪ್ಪ ಈಗ ನನ್ನ ಅಂಗಡಿಯಲ್ಲೇ ಇದ್ದಾನೆ. ಆ ದಿನ ಎರಡು ಸಲ ಗುಂಡು ಹೊಡೆದೂ ನನಗೆ ಯಾಕೆ ತಾಗಲಿಲ್ಲ ಅಂತ ಕೇಳಿದೆ. "ನಿನಗ ಹೊಡದಿದ್ರ ತಾಗತಿತ್ತು" ಅಂದ.

ಸರಿ. ಈಗ ಲೆಕ್ಕ ಕೇಳಿ. ಒಂದು, ಬೆಸುಗೆಯ ತೂತು. ಎರಡು, ಕಿವಿಯ ಕಚ್ಚು. ಅದು ದೋಷವೋ ಅಲ್ಲವೋ ನೀವೇ ಹೇಳಿ. ಮೂರು, ಚರೆಯ ಹನ್ನೊಂದು ಗುಳಿಗಳು. ಮುಂದಿನ ತಿಂಗಳು ಮುಧೋಳದ ಕಚೇರಿಯಲ್ಲಿ ಮರೆವ್ವನ ಫಿರ್ಯಾದು ವಿಚಾರಣೆಗೆ ಬರುತ್ತದೆ. ಅಲ್ಲಿಯವರೆಗೆ ಸಾಕ್ಷಿಗೆ ಬೇಕಾದ ಈ ಟಾಕಿ ಇಲ್ಲಿಂದ ಕದಲುವುದಿಲ್ಲ.

ಇನ್ನೊಂದು ಮಾತು. ಈ ಧಂದೆಯಲ್ಲಿ ನಾನು ಮುನ್ನೂರು ಗಿರಾಕಿಗಳನ್ನು ನೋಡಿದ್ದೇನೆ. ನನ್ನ ಅಂಗಡಿಗೆ ಬಂದವರು ಮೊದಲು ದೋಷ ಕೇಳುತ್ತಾರೆ. ಬೆಲೆ ಮಾತ್ರ ಕೇಳಿದವರು ನೀವೊಬ್ಬರೇ. ನಿಮ್ಮ ಚೀಲದ, ಬಣ್ಣ ತೊಳೆಯುವ ಸೋಡಾ ಪುಡಿ ಆಗಲೇ ನಿಮ್ಮ ಧೋತರದ ಮೇಲೆ ಉದುರುತ್ತಿದೆ. ತೊಡೆ ಉರಿಯುತ್ತಿಲ್ಲವೇ? ದೇಸಾಯಿ ಇನ್ನೂ ಜಾಣರನ್ನು ಕಳಿಸಬೇಕಿತ್ತು.

ಏಳಬೇಡಿ! ಮೆಲ್ಲಗೆ ತಲೆಯನ್ನಷ್ಟೇ ತಿರುಗಿಸಿ. ಮರೆವ್ವ ಸಂತೆಗೆ ಹೋಗುವಾಗ ಕೆಂಚನನ್ನು ನನ್ನಲ್ಲೇ ಬಿಟ್ಟು ಹೋಗುತ್ತಾಳೆ. ನಿಮ್ಮ ಕುರ್ಚಿಯ ಹಿಂದೆಯೇ ಕೂತಿದ್ದಾನೆ, ನೀವು ಬಂದಾಗಿನಿಂದ.

ನಿಮ್ಮ ಧಣಿ ಅವನ ಕಿವಿಗಳನ್ನಷ್ಟೇ ಕತ್ತರಿಸಿದ್ದು... ಹಲ್ಲುಗಳು ಹಾಗೇ ಇವೆ.